ಆರ್‌ಒ ಪೈಪ್ ಸೋರುತ್ತಿದೆಯಾ? ಕನೆಕ್ಟರ್ ಬದಲಿಸುವ ಮೊದಲು ಪೈಪಿನ ತುದಿ ನೋಡಿ

ನಮ್ಮ ಮನೆ ತುಮಕೂರಿನಲ್ಲಿ. ಬೋರ್ ನೀರು, ಹಾಗಾಗಿ ಅಡುಗೆಮನೆಯಲ್ಲಿ ಆರ್‌ಒ ಇಲ್ಲದೆ ಆಗಲ್ಲ. ಹೋದ ವರ್ಷ ಆರು ತಿಂಗಳಲ್ಲಿ ಮೂರು ಸಲ ಒಂದೇ ಜಾಗದಲ್ಲಿ ಸೋರಿತು. ಮೆಂಬ್ರೇನ್ ಹೌಸಿಂಗ್‌ಗೆ, ಅಂದರೆ ನೀರು ಶುದ್ಧ ಮಾಡುವ ಮೆಂಬ್ರೇನ್ ಕೂತಿರುವ ಕೊಳವೆಗೆ, ನೀರು ಒಳಗೆ ಹೋಗುವ ಕಡೆಯ ಎಲ್ಬೋ, ಅಂದರೆ ಎಲ್ ಆಕಾರದ ಕನೆಕ್ಟರ್. ಪ್ರತಿ ಸಲವೂ ಸರ್ವಿಸ್ ಹುಡುಗ ಬಂದು "ಕನೆಕ್ಟರ್ ಹೋಗಿದೆ ಸಾರ್" ಅಂತ ಹೊಸ ಎಲ್ಬೋ ಹಾಕಿ, ದುಡ್ಡು ತಗೊಂಡು ಹೋದ. ಎರಡು ವಾರ ಚೆನ್ನಾಗಿರುತ್ತಿತ್ತು. ಆಮೇಲೆ ಮತ್ತೆ ಗ್ರಾನೈಟ್ ಮೇಲೆ ನೀರು. ಅಮ್ಮ ಹಳೇ ಟವೆಲ್ ಮಡಚಿ ಹಾಸಿ, ಅದರ ಮೇಲೆ ಒಂದು ಲೋಟ ಇಡುತ್ತಿದ್ದರು.

ನಾಲ್ಕನೇ ಸಲ ಸೋರಿದಾಗ ನಾನೇ ಪೈಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಸುತ್ತಲೂ ಹಲ್ಲು ಕಚ್ಚಿದ ಗುರುತು. ಅಲ್ಲಿಂದ ತುದಿಯವರೆಗೆ ಉದ್ದಕ್ಕೆ ಎರಡು ಗೀರು, ಕೂದಲಷ್ಟು ಸಣ್ಣದು. ಉಗುರು ಅಡ್ಡ ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ತುದಿಯನ್ನ ಓರೆಯಾಗಿ ಬೇರೆ ಕತ್ತರಿಸಿದ್ದರು. ಎಲ್ಬೋ ಮೂರು ಸಲ ಹೊಸದಾಗಿತ್ತು, ಪೈಪಿನ ತುದಿ ಮಾತ್ರ ಅದೇ ಹಳೇದು! ಒಂದೂವರೆ ಸೆಂಟಿಮೀಟರ್ ಕತ್ತರಿಸಿ ಅದೇ ಎಲ್ಬೋಗೆ ವಾಪಸ್ ಹಾಕಿದೆ. ಇವತ್ತಿನವರೆಗೂ ಅಲ್ಲಿ ಒಂದು ಹನಿ ಬಿದ್ದಿಲ್ಲ.

ಅಲ್ಲಿಂದ ಅಕ್ಕಪಕ್ಕದ ಮನೆಗಳಲ್ಲೂ ನೋಡುತ್ತಾ ಬಂದಿದ್ದೇನೆ. ಈ ಪುಶ್ ಫಿಟ್ ಜಾಯಿಂಟ್‌ಗಳನ್ನ ಮುಟ್ಟದೆ ಬಿಟ್ಟರೆ ವರ್ಷಗಟ್ಟಲೆ ಸುಮ್ನೆ ಇರುತ್ತವೆ. ಬಿಚ್ಚಿ ಹಾಕುವ ಕೈ, ಪೈಪಿನ ತುದಿ, ಪಕ್ಕಕ್ಕೆ ಎಳೆಯುವ ಪೈಪು, ಬಿಸಿ, ಇವೇ ಅದನ್ನ ಕೆಡಿಸೋದು. ಅದಕ್ಕೆ ಈ ಬರಹ. ನಿಮಗೆ ಏನು ಕಾಣುತ್ತಿದೆಯೋ ಆ ಲಕ್ಷಣದ ಕೆಳಗೆ ಓದಿ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಇವೆ.

ಈ ಜಾಯಿಂಟ್ ಒಳಗೆ ಏನಿದೆ

ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಪೈಪ್ ಕಡೆ ಅಂಟಿಲ್ಲ, ಥ್ರೆಡ್ ಇಲ್ಲ, ಪೈಪ್ ಒತ್ತಿದರೆ ಆಯಿತು. ಬಾಯಲ್ಲಿ ಒಂದು ಸಣ್ಣ ಬಳೆ ಇರುತ್ತದೆ, ಅದನ್ನ ಕಾಲೆಟ್ ಅಂತಾರೆ. ಅದರ ಒಳಗೆ ಸ್ಟೀಲಿನ ಸಣ್ಣ ಹಲ್ಲುಗಳು. ಪೈಪ್ ಒಳಗೆ ಹೋಗುವಾಗ ಹಲ್ಲು ಬಗ್ಗಿ ದಾರಿ ಬಿಡುತ್ತವೆ, ಹೊರಗೆ ಎಳೆದರೆ ಕಚ್ಚುತ್ತವೆ. ಹಲ್ಲು ದಾಟಿದ ಮೇಲೆ ಒಳಗೆ ಒಂದು ರಬ್ಬರ್ ಓ ರಿಂಗ್. ನೀರು ತಡೆಯೋದು ಅದು. ಅದರಾಚೆ ಪೈಪ್ ನಿಲ್ಲಲು ಒಂದು ಮೆಟ್ಟಿಲು.

ಅಂದರೆ ಕೆಲಸ ಎರಡು, ಮಾಡುವವರೂ ಇಬ್ಬರು. ಹಿಡಿದುಕೊಳ್ಳೋದು ಹಲ್ಲು, ಸೋರದಂತೆ ನೋಡಿಕೊಳ್ಳೋದು ಓ ರಿಂಗ್. ಓ ರಿಂಗ್ ಕೂರೋದು ಪೈಪಿನ ಕೊನೆಯ ಒಂದು ಸೆಂಟಿಮೀಟರ್ ಒಳಗಿನ ಜಾಗದಲ್ಲಿ. ಆ ಜಾಗ ನುಣ್ಣಗಿದ್ದರೆ ಸೋರಲ್ಲ, ಗೀರಿದ್ದರೆ ಸೋರುತ್ತದೆ. ಕಾಲೆಟ್ ಕೆಳಗೆ ಸಿಕ್ಕಿಸುವ ನೀಲಿ ಅಥವಾ ಕೆಂಪು ಕ್ಲಿಪ್ ಇರುತ್ತದಲ್ವಾ, ಅದು ಕಾಲೆಟ್ ತಾನಾಗಿ ಒಳಗೆ ಒತ್ತಿಕೊಂಡು ಪೈಪ್ ಬಿಡದ ಹಾಗೆ ತಡೆಯುತ್ತದೆ. ಸರ್ವಿಸ್ ಆದಮೇಲೆ ನೆಲದ ಮೇಲೆ ಬಿದ್ದಿರುವ ನೀಲಿ ಚೂರು ಅದೇ. ಬಿಸಾಡಬೇಡಿ.

ಮುಟ್ಟುವ ಮೊದಲು

ಆರ್‌ಒ ಒಳಗೆ ನೀರೂ ಕರೆಂಟೂ ಒಂದೇ ಡಬ್ಬದಲ್ಲಿವೆ. ಮೋಟರ್‌ಗೆ ಹೋಗೋದು 24 ವೋಲ್ಟ್, ಅದರಿಂದ ಅಪಾಯ ಕಡಿಮೆ. ಆದರೆ ಅದನ್ನ ಕೊಡುವ ಎಸ್‌ಎಂಪಿಎಸ್‌ಗೆ, ಅಂದರೆ ಒಳಗಿನ ಅಡಾಪ್ಟರ್‌ಗೆ, ಬರೋದು ಮನೆಯ 230 ವೋಲ್ಟ್. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಕೈ ಒಣಗಿರಲಿ, ನಿಂತ ನೆಲ ಒಣಗಿರಲಿ. ಪ್ಲಗ್ ಅಥವಾ ಸಾಕೆಟ್ ಮೇಲೇ ನೀರು ಇಳಿದಿದ್ದರೆ ಅದನ್ನ ಮುಟ್ಟಲೇಬೇಡಿ, ಮೇನ್ ಸ್ವಿಚ್ ಇಳಿಸಿ. ಎಲೆಕ್ಟ್ರಿಷಿಯನ್ ನೋಡಿದ ಮೇಲೆ ಏರಿಸಿ.

ಆಮೇಲೆ ಆರ್‌ಒಗೆ ನೀರು ಬರುವ ಇನ್‌ಲೆಟ್ ವಾಲ್ವ್ ಮುಚ್ಚಿ, ಹತ್ತು ನಿಮಿಷ ಬಿಡಿ. ಮೋಟರ್ ನಿಂತ ತಕ್ಷಣ ಒಳಗಿನ ಒತ್ತಡ ಇಳಿದುಬಿಡಲ್ಲ. ಮೊದಲ ಪೈಪ್ ಬಿಚ್ಚುವಾಗ ಸುತ್ತ ಒಂದು ಬಟ್ಟೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ಮುಖಕ್ಕೇ ಚಿಮ್ಮುತ್ತದೆ.

ಬಿಚ್ಚುವ ಮೊದಲು ಫೋನಿನಲ್ಲಿ ಎರಡು ಫೋಟೋ ತೆಗೆಯಿರಿ. ಪೈಪ್‌ಗಳೆಲ್ಲ ಒಂದೇ ಬಿಳಿ ಬಣ್ಣ, ಯಾವುದು ಎಲ್ಲಿಗೆ ಅಂತ ಆಮೇಲೆ ನೆನಪಿರಲ್ಲ.

ಲಕ್ಷಣ: ಎಲ್ಲೋ ಒದ್ದೆ ಇದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ನೀರು ಬಿದ್ದ ಜಾಗದಲ್ಲೇ ಸೋರಿಕೆ ಇರಬೇಕು ಅಂತಿಲ್ಲ. ಮೇಲಿನ ಎಲ್ಬೋದಿಂದ ಹೊರಟ ಹನಿ ಪೈಪ್ ಗುಂಟ ಹರಿದು, ಅದು ಬಗ್ಗಿದ ಕಡೆ ಕೆಳಗೆ ಬೀಳುತ್ತದೆ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ. ಪ್ರತಿ ಜಾಯಿಂಟ್‌ಗೂ ಟಿಶ್ಯೂ ಅಥವಾ ನ್ಯೂಸ್ ಪೇಪರಿನ ಒಂದು ಪಟ್ಟಿ ಸುತ್ತಿ. ನೀರು ಬಿಟ್ಟು, ಮೆಷಿನ್ ಆನ್ ಮಾಡಿ ಅರ್ಧ ಗಂಟೆ ಕಾಯಿರಿ. ಮೊದಲು ಒದ್ದೆಯಾದ ಕಾಗದದ ಪೈಕಿ ಎಲ್ಲಕ್ಕಿಂತ ಮೇಲಿರುವುದೇ ನಿಮ್ಮ ಜಾಗ.

ಇಷ್ಟರಲ್ಲೇ ಕೆಲವರಿಗೆ ಉತ್ತರ ಸಿಕ್ಕಿಬಿಡುತ್ತದೆ, ಯಾಕೆಂದರೆ ಸೋರುತ್ತಿರೋದು ಆರ್‌ಒ ಅಲ್ಲ, ಸಿಂಕ್ ಕೆಳಗಿನ ವೇಸ್ಟ್ ಪೈಪ್, ಅಥವಾ ವೇಸ್ಟ್ ನೀರಿನ ಸಣ್ಣ ಪೈಪ್ ಸಿಂಕಿನಿಂದ ಜಾರಿ ಆಚೆ ಬಿದ್ದಿದೆ. ಸಿಂಕಿನಲ್ಲಿ ಒಂದು ಬಕೆಟ್ ನೀರು ಒಮ್ಮೆಗೇ ಸುರಿದು ಕೆಳಗೆ ನೋಡಿ, ಗೊತ್ತಾಗುತ್ತದೆ.

ಆರ್‌ಒ ಟ್ಯಾಂಕ್ ತುಂಬಿ ಮೇಲಿಂದ ಉಕ್ಕುತ್ತಿದ್ದರೆ ಅದು ಫ್ಲೋಟ್‌ನ, ಅಂದರೆ ಟ್ಯಾಂಕ್ ತುಂಬಿದಾಗ ಮೆಷಿನ್ ನಿಲ್ಲಿಸುವ ತೇಲುವ ಸ್ವಿಚ್ಚಿನ ತೊಂದರೆ. ಜಾಯಿಂಟ್‌ಗಳ ಮೇಲೆ ಕೈ ಇಡಬೇಡಿ.

ಎಷ್ಟು ಸೋರುತ್ತಿದೆ ಅಂತ ಅಳೆಯೋದೂ ಸುಲಭ. 200 ಮಿಲಿ ಲೋಟ ಕೆಳಗೆ ಇಡಿ. ಅದು ತುಂಬಲು ಒಂದು ಗಂಟೆ ಬೇಕಾದರೆ ದಿನಕ್ಕೆ 4.8 ಲೀಟರ್ ಹೋಗುತ್ತಿದೆ ಅಂತಾಯಿತು. ಹನಿ ಸಣ್ಣದು ಅನ್ನಿಸುತ್ತದೆ, ಆದರೆ ಕೆಳಗಿನ ಪ್ಲೈವುಡ್ ಕಬೋರ್ಡ್ ಉಬ್ಬಿಹೋಗಲು ಅಷ್ಟು ಧಾರಾಳ ಸಾಕು.

ಲಕ್ಷಣ: ಮೆಷಿನ್ ಆಫ್ ಇದ್ದರೂ ಹನಿ ನಿಲ್ಲಲ್ಲ

ಇನ್‌ಲೆಟ್ ವಾಲ್ವ್ ಮುಚ್ಚಿ ನೋಡಿ. ಹತ್ತು ನಿಮಿಷದಲ್ಲಿ ನಿಂತರೆ ತೊಂದರೆ ನೀರು ಒಳಬರುವ ಕಡೆ ಇದೆ. ಅಂದರೆ ವಾಲ್ವ್‌ನಿಂದ ಹೊರಗಿನ ಪ್ರೀ ಫಿಲ್ಟರ್ ಬೌಲ್ ದಾಟಿ, ಮೆಷಿನ್ ಒಳಗಿನ ಎಸ್‌ವಿ ವರೆಗೆ. ಎಸ್‌ವಿ ಅಂದರೆ ಸೊಲೆನಾಯ್ಡ್ ವಾಲ್ವ್, ಮೆಷಿನ್ ನಿಂತಾಗ ನೀರು ಮುಚ್ಚುವ ಸಾಧನ. ವಾಲ್ವ್ ಮುಚ್ಚಿದರೂ ಹನಿ ನಿಲ್ಲದಿದ್ದರೆ ಶುದ್ಧ ನೀರಿನ ಟ್ಯಾಂಕ್ ಕಡೆಯಿಂದ, ಅಂದರೆ ನಲ್ಲಿಯ ಬುಡ ಅಥವಾ ಟ್ಯಾಂಕಿನ ತಳ.

ಒಳಬರುವ ಕಡೆ ಒತ್ತಡ ಜಾಸ್ತಿ ಇರಲ್ಲ. ಒತ್ತಡವನ್ನ ಪಿಎಸ್‌ಐನಲ್ಲಿ ಅಳೆಯುತ್ತಾರೆ, ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 14 ಪಿಎಸ್‌ಐ ಅಂತ ಲೆಕ್ಕ. ಒಂದು ಮಹಡಿಯ ಮನೆಯಲ್ಲಿ ಓವರ್‌ಹೆಡ್ ಟ್ಯಾಂಕ್ ಅಡುಗೆಮನೆ ನಲ್ಲಿಗಿಂತ ಏಳು ಮೀಟರ್ ಮೇಲಿದ್ದರೆ ಹತ್ತು ಪಿಎಸ್‌ಐ ಬಂದರೆ ಹೆಚ್ಚು. ಅಷ್ಟು ಕಡಿಮೆ ಒತ್ತಡಕ್ಕೂ ಪುಶ್ ಫಿಟ್ ಸೋರುತ್ತಿದೆ ಅಂದರೆ ಪೈಪ್ ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಸೋರುತ್ತಿರೋದು ಪುಶ್ ಫಿಟ್ ಅಲ್ಲವೇ ಅಲ್ಲ. ಫಿಲ್ಟರ್‌ಗೆ ಕೂರುವ ಕನೆಕ್ಟರ್‌ಗೆ ಎರಡು ಬದಿ. ಒಂದು ಬದಿ ಪೈಪ್ ಒತ್ತುವ ಬಾಯಿ, ಇನ್ನೊಂದು ಬದಿ ಫಿಲ್ಟರ್‌ಗೆ ತಿರುಗಿಸುವ ಥ್ರೆಡ್. ನೀರು ಥ್ರೆಡ್ ಬುಡದಿಂದ ಬರುತ್ತಿದ್ದರೆ ಅದನ್ನ ಬಿಚ್ಚಿ, ಹಳೇ ಟೆಫ್ಲಾನ್ ಟೇಪ್ ಪೂರ್ತಿ ತೆಗೆದು, ಹೊಸದು ಸುತ್ತಿ, ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಸ್ವಲ್ಪ. ಪ್ಲಾಸ್ಟಿಕ್ ಥ್ರೆಡ್ ಇದು, ಕಬ್ಬಿಣದ ಜಿಐ ಪೈಪ್ ಅಲ್ಲ. ಜಾಸ್ತಿ ಬಿಗಿದರೆ ಕೂದಲೆಳೆಯ ಬಿರುಕು ಬೀಳುತ್ತದೆ, ಅವತ್ತು ಕಾಣಲ್ಲ, ತಿಂಗಳು ಬಿಟ್ಟು ಒಡೆಯುತ್ತದೆ.

ಟೆಫ್ಲಾನ್ ಟೇಪ್ ಥ್ರೆಡ್‌ಗೆ ಮಾತ್ರ. ಪೈಪಿಗೆ ಸುತ್ತಿ ಪುಶ್ ಫಿಟ್ ಒಳಗೆ ತುರುಕಿರೋದನ್ನ ನಾನು ಕಣ್ಣಾರೆ ನೋಡಿದ್ದೇನೆ. ಟೇಪ್ ಚೂರಾಗಿ ಓ ರಿಂಗ್ ಕೆಳಗೆ ಸಿಕ್ಕಿಕೊಂಡು ಸೋರಿಕೆ ಇನ್ನೂ ಜಾಸ್ತಿಯಾಗಿತ್ತು.

ಇನ್ನೊಂದು ಪರೀಕ್ಷೆ. ಟ್ಯಾಂಕ್ ತುಂಬಿ ಮೋಟರ್ ನಿಂತ ಮೇಲೂ ವೇಸ್ಟ್ ಪೈಪಿನಲ್ಲಿ ನೀರು ಹೋಗುತ್ತಲೇ ಇದ್ದರೆ ಎಸ್‌ವಿ ಮುಚ್ಚುತ್ತಿಲ್ಲ. ಅದನ್ನ ಬದಲಿಸಬೇಕು. ನೀವು ಊರಿಗೆ ಹೋದಾಗಲೂ ಆ ನೀರು ಹರಿಯುತ್ತಲೇ ಇರುತ್ತದೆ.

ಲಕ್ಷಣ: ಮೋಟರ್ ಓಡುವಾಗ ಮಾತ್ರ ಹನಿ, ನಿಂತರೆ ಒಣ

ಇದು ಹೆಚ್ಚು ಒತ್ತಡದ ಕಡೆಯ ತೊಂದರೆ. ಮೋಟರ್ ಅಂತ ನಾವು ಕರೆಯುವ ಬೂಸ್ಟರ್ ಪಂಪ್ ಸಾಮಾನ್ಯವಾಗಿ 60ರಿಂದ 80 ಪಿಎಸ್‌ಐ ಒತ್ತಡ ಕೊಡುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ಬರುವ ಒತ್ತಡಕ್ಕೆ ಹೋಲಿಸಿದರೆ ಆರೇಳು ಪಟ್ಟು. ಪಂಪಿನಿಂದ ಹೊರಬರುವ ಪೈಪಿನ ಮೇಲೆ ಬೆರಳಿಟ್ಟು ಅದರ ಗುಂಟ ಹೋಗಿ. ಮೆಂಬ್ರೇನ್ ಹೌಸಿಂಗ್ ಒಳಗೆ ಹೋಗುವ ಎಲ್ಬೋ, ಅಲ್ಲಿಂದ ವೇಸ್ಟ್ ನೀರು ಹೊರಬರುವ ಎಲ್ಬೋ, ಆಮೇಲೆ ಎಫ್‌ಆರ್, ಅಂದರೆ ಫ್ಲೋ ರಿಸ್ಟ್ರಿಕ್ಟರ್, ವೇಸ್ಟ್ ನೀರಿನ ಹರಿವನ್ನ ಕಡಿಮೆ ಮಾಡಿ ಒತ್ತಡ ಉಳಿಸುವ ಸಣ್ಣ ಭಾಗ. ಒತ್ತಡ ಪೂರ್ತಿ ಇರೋದು ಈ ದಾರಿಯಲ್ಲಿ. ಫಿಲ್ಟರ್‌ಗಳು ಪಂಪಿನ ಮುಂದೆಯೋ ಹಿಂದೆಯೋ ಅನ್ನೋದು ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುತ್ತದೆ, ಅದಕ್ಕೇ ಬೆರಳಿಟ್ಟು ಹಿಂಬಾಲಿಸಿ ಅಂದಿದ್ದು.

ಮೊದಲ ಪರೀಕ್ಷೆಗೆ ಬಿಚ್ಚೋದೇ ಬೇಡ. ಮೋಟರ್ ಓಡುತ್ತಿರುವಾಗ ಸೋರುವ ಪೈಪನ್ನ ಕನೆಕ್ಟರ್ ಹತ್ತಿರ ಎರಡು ಬೆರಳಲ್ಲಿ ಹಿಡಿದು ನೇರ ಮಾಡಿ. ಒದ್ದೆ ಕೈಯಲ್ಲಿ ಬೇಡ, ಎಸ್‌ಎಂಪಿಎಸ್ ಕಡೆಗೂ ಬೇಡ. ಹನಿ ನಿಂತಿತಾ? ಹಾಗಾದರೆ ಪೈಪ್ ಗಿಡ್ಡ ಇದೆ ಅಥವಾ ಬಲವಂತವಾಗಿ ಬಗ್ಗಿದೆ. ಪೈಪ್ ಒಂದು ಕಡೆಗೆ ಎಳೆದಾಗ ಓ ರಿಂಗ್ ಒಂದು ಬದಿಯಲ್ಲಿ ಅಮುಕಿ ಇನ್ನೊಂದು ಬದಿಯಲ್ಲಿ ಸಡಿಲ ಆಗುತ್ತದೆ, ಆ ಸಡಿಲದಲ್ಲಿ ಒತ್ತಡದ ನೀರು ಹೊರಗೆ ಬರುತ್ತದೆ. ಕನೆಕ್ಟರ್‌ನಿಂದ ಹೊರಬಂದ ಮೇಲೆ ಪೈಪ್ ಎರಡು ಬೆರಳಗಲವಾದರೂ ನೇರ ಇರಬೇಕು, ಆಮೇಲೆ ಬಗ್ಗಲಿ. ಸಾಲದಿದ್ದರೆ ಉದ್ದದ ಹೊಸ ಪೈಪ್ ಹಾಕಿ. ಮೀಟರಿಗೆ ಹತ್ತಿಪ್ಪತ್ತು ರೂಪಾಯಿಯ ವಸ್ತು.

ನೇರ ಮಾಡಿದರೂ ನಿಲ್ಲದಿದ್ದರೆ ಬಿಚ್ಚಿ ತುದಿ ನೋಡಬೇಕು.

ಲಕ್ಷಣ: ಸರ್ವಿಸ್ ಆದ ಮಾರನೇ ದಿನದಿಂದ ಸೋರಿಕೆ

ಎಲ್ಲಕ್ಕಿಂತ ಹೆಚ್ಚು ಕಾಣೋದು ಇದೇ. ಮೆಷಿನ್ ವರ್ಷವಿಡೀ ಚೆನ್ನಾಗಿತ್ತು, ಫಿಲ್ಟರ್ ಬದಲಿಸಿದರು, ಸೋರಲು ಶುರು. ಜನ ಹೊಸ ಫಿಲ್ಟರ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಸರ್ವಿಸ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ದಿನಕ್ಕೆ ಹತ್ತು ಮನೆ ಸುತ್ತುವವರಿಗೆ ಪುರುಸೊತ್ತು ಎಲ್ಲಿ? ಆದರೆ ಆಗಿರೋದು ಏನು ಅಂತ ನಾವಾದರೂ ತಿಳಿದಿರಬೇಕು.

ಕಾಲೆಟ್ ಪೂರ್ತಿ ಒತ್ತದೆ ಪೈಪ್ ಎಳೆದರೆ ಸ್ಟೀಲ್ ಹಲ್ಲು ಪೈಪನ್ನ ಉದ್ದಕ್ಕೂ ಗೀಚುತ್ತಾ ಬರುತ್ತವೆ. ಸುತ್ತ ಬಿದ್ದ ಹಲ್ಲಿನ ಗುರುತು ಅಷ್ಟು ಕೆಟ್ಟದ್ದಲ್ಲ, ಅದು ಓ ರಿಂಗ್‌ನ ಜಾಗದಿಂದ ಹಿಂದೆ ಇರುತ್ತದೆ. ಉದ್ದದ ಗೀರು ಮಾತ್ರ ಓ ರಿಂಗ್ ಕೆಳಗಿಂದ ಹೊರಗೆ ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ.

ಬಿಚ್ಚುವ ರೀತಿ ಹೀಗೆ. ಕ್ಲಿಪ್ ತೆಗೆಯಿರಿ. ಪೈಪನ್ನ ಮೊದಲು ಒಳಕ್ಕೆ ಒತ್ತಿ, ಹಲ್ಲು ಹಿಡಿತ ಬಿಡುತ್ತವೆ. ಕಾಲೆಟ್‌ನ ಅಂಚನ್ನ ಎರಡೂ ಕಡೆ ಸಮವಾಗಿ ಉಗುರಿನಿಂದ ಒತ್ತಿ ಹಿಡಿದು, ಆಮೇಲೆ ಪೈಪ್ ಎಳೆಯಿರಿ. ಸುಲಭವಾಗಿ ಬರಬೇಕು. ಜಗ್ಗಾಡಬೇಕಾಗಿ ಬಂದರೆ ಕಾಲೆಟ್ ಓರೆಯಾಗಿ ಒತ್ತಿದ್ದೀರಿ, ನಿಲ್ಲಿಸಿ ಮತ್ತೆ ಮಾಡಿ.

ಈಗ ತುದಿಯನ್ನ ಬೆಳಕಿಗೆ ಹಿಡಿಯಿರಿ, ಉಗುರು ಆಡಿಸಿ. ಗೀರು ಸಿಕ್ಕರೆ, ತುದಿ ಮೊಟ್ಟೆಯ ಆಕಾರಕ್ಕೆ ಚಪ್ಪಟೆಯಾಗಿದ್ದರೆ, ಅಥವಾ ಓರೆ ಇದ್ದರೆ ಕತ್ತರಿಸಿ. ಎಷ್ಟು ಕತ್ತರಿಸಬೇಕು ಅನ್ನೋದು ಮುಖ್ಯ. ಅರ್ಧ ಸೆಂಟಿಮೀಟರ್ ಕತ್ತರಿಸಿದರೆ ಹಳೇ ಹಲ್ಲಿನ ಗುರುತು ಮುಂದೆ ಬಂದು ಸರಿಯಾಗಿ ಓ ರಿಂಗ್ ಕೆಳಗೇ ಕೂರುತ್ತದೆ, ಸೋರಿಕೆ ಮೊದಲಿಗಿಂತ ಜಾಸ್ತಿ. ಹಲ್ಲಿನ ಗುರುತು ಪೂರ್ತಿ ಹೋಗುವ ಹಾಗೆ ಒಂದೂವರೆ ಸೆಂಟಿಮೀಟರ್ ತೆಗೆಯಿರಿ. ಕತ್ತರಿ ಬೇಡ, ಅದು ಪೈಪನ್ನ ಅಮುಕಿ ಚಪ್ಪಟೆ ಮಾಡುತ್ತದೆ. ಹರಿತವಾದ ಹೊಸ ಬ್ಲೇಡ್, ಕೆಳಗೆ ಒಂದು ಹಲಗೆ. ಪೈಪ್ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ ಅದರ ಅಂಚಿನ ಗುಂಟ ಕೊಯ್ದರೆ ನೇರ ಬರುತ್ತದೆ. ಬೆರಳು ಬ್ಲೇಡ್‌ನ ದಾರಿಯಲ್ಲಿ ಇರದಿರಲಿ.

ತುದಿಯಿಂದ 15 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಹಾಕಿ. ತುದಿಯನ್ನ ನೀರಿನಲ್ಲಿ ಅದ್ದಿ ಒತ್ತಿ. ಮೊದಲು ಒಂದು ತಡೆ ಸಿಗುತ್ತದೆ, ಅದು ಹಲ್ಲು. ಅಲ್ಲೇ ನಿಲ್ಲಿಸುವವರೇ ಜಾಸ್ತಿ, ಯಾಕೆಂದರೆ ಎಳೆದರೆ ಬರಲ್ಲ, ಸರಿಯಾಗಿದೆ ಅನ್ನಿಸುತ್ತದೆ. ಇನ್ನೂ ಜೋರಾಗಿ ಒತ್ತಿ. ಎರಡನೇ ತಡೆ ಓ ರಿಂಗ್, ಅದನ್ನ ದಾಟಿ ಪೈಪ್ ಮೆಟ್ಟಿಲಿಗೆ ಹೋಗಿ ಟಕ್ ಅಂತ ನಿಲ್ಲಬೇಕು. ಪೆನ್ನಿನ ಗುರುತು ಕಾಲೆಟ್ ಅಂಚಿಗೆ ಬಂದಿರಬೇಕು. ಕನೆಕ್ಟರ್ ಕಂಪನಿಯಿಂದ ಕಂಪನಿಗೆ ಒಂದೆರಡು ಮಿಲಿಮೀಟರ್ ಆಚೀಚೆ ಇರಬಹುದು, ಆದರೆ ಐದು ಮಿಲಿಮೀಟರ್ ಹೊರಗೆ ಉಳಿದಿದ್ದರೆ ಒಳಗೆ ಹೋಗಿಲ್ಲ ಅಂತಲೇ ಅರ್ಥ. ಆಮೇಲೆ ಹಿಂದಕ್ಕೆ ಒಮ್ಮೆ ಎಳೆದು ನೋಡಿ, ಕ್ಲಿಪ್ ಹಾಕಿ.

ಎಣ್ಣೆ, ವ್ಯಾಸಲೀನ್, ಗ್ರೀಸ್ ಯಾವುದೂ ಹಚ್ಚಬೇಡಿ. ಓ ರಿಂಗ್ ಇಪಿಡಿಎಂ ರಬ್ಬರಿನದಾದರೆ ಪೆಟ್ರೋಲಿಯಂ ಜೆಲ್ಲಿಗೆ ಊದಿಕೊಂಡು ಹಾಳಾಗುತ್ತದೆ. ನೀರು ಸಾಕು. ಲೈಟರ್‌ನಲ್ಲಿ ತುದಿ ಬಿಸಿ ಮಾಡಿ ಮೆತ್ತಗೆ ಮಾಡೋದೂ ಬೇಡ.

ತುದಿ ನುಣ್ಣಗಿದೆ, ಪೂರ್ತಿ ಒಳಗಿದೆ, ನೇರ ಇದೆ, ಆದರೂ ಸೋರುತ್ತಿದೆ ಅಂದರೆ ಪೈಪಿನ ಅಳತೆ ನೋಡಿ. ಇದು ಬೇಗ ಹೊಳೆಯಲ್ಲ. ಆರ್‌ಒ ಪೈಪ್ ಕಾಲು ಇಂಚು, ಅಂದರೆ ಹೊರ ಅಳತೆ 6.35 ಮಿಲಿಮೀಟರ್. ಗಾಳಿ ಕಂಪ್ರೆಸರ್‌ಗೆ ಬಳಸುವ ಪೈಪ್ 6 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. 6 ಮಿಲಿಮೀಟರ್ ಪೈಪನ್ನ ಕಾಲು ಇಂಚಿನ ಕನೆಕ್ಟರ್‌ಗೆ ಒತ್ತಿದರೆ ಹೋಗುತ್ತದೆ, ಹಲ್ಲೂ ಕಚ್ಚುತ್ತವೆ, ಎಳೆದರೆ ಬರಲ್ಲ. ಓ ರಿಂಗ್‌ಗೆ ಮಾತ್ರ 0.35 ಮಿಲಿಮೀಟರ್ ಕಡಿಮೆ. ಒಂದು ವಾರ ಸುಮ್ಮನಿದ್ದು ಆಮೇಲೆ ಜಿನುಗಲು ಶುರುವಾಗುತ್ತದೆ. ಪೈಪಿನ ಮೇಲೆ ಏನು ಅಚ್ಚಾಗಿದೆ ಅಂತ ಓದಿ. 1/4 ಅಂತಿದ್ದರೆ ಸರಿ, 6×4 ಅಂತಿದ್ದರೆ ಅದು ಬೇರೆ ಪೈಪ್, ಪೂರ್ತಿ ಬದಲಿಸಿ. ಕುಡಿಯುವ ನೀರಿಗೆ ಫುಡ್ ಗ್ರೇಡ್ ಪೈಪೇ ಬೇಕು ಅನ್ನೋದು ಅಳತೆಗಿಂತ ದೊಡ್ಡ ಕಾರಣ.

ಇಷ್ಟಾದ ಮೇಲೂ ಸೋರಿದರೆ ಆಗ ಕನೆಕ್ಟರ್ ಬದಲಿಸಿ. ಆಗ ಅದರದ್ದೇ ತಪ್ಪು.

ಲಕ್ಷಣ: ಪೈಪ್ ಪಟ್ ಅಂತ ಕಿತ್ತುಬಂದು ಅಡುಗೆಮನೆ ಕೆರೆಯಾಯಿತು

ಮೊದಲು ಇನ್‌ಲೆಟ್ ವಾಲ್ವ್ ಮುಚ್ಚಿ, ಆಮೇಲೆ ಉಳಿದದ್ದು. ಮನೆಯಲ್ಲಿ ಎಲ್ಲರಿಗೂ, ಅಜ್ಜಿಗೂ ಮಕ್ಕಳಿಗೂ, ಆ ವಾಲ್ವ್ ಎಲ್ಲಿದೆ ಅಂತ ಇವತ್ತೇ ತೋರಿಸಿಬಿಡಿ.

ಒಂದೇ ಸಲ ಆಗಿದ್ದರೆ ಕಾರಣ ಸರಳ. ಪೈಪ್ ಅರ್ಧ ಒಳಗಿತ್ತು, ಅಥವಾ ಕ್ಲಿಪ್ ಇರಲಿಲ್ಲ. ಆದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಿತ್ತುಬರುತ್ತಿದ್ದರೆ ಜಾಯಿಂಟ್ ಬಿಟ್ಟು ಒತ್ತಡ ನೋಡಿ. ವೇಸ್ಟ್ ದಾರಿಯಲ್ಲಿರುವ ಎಫ್‌ಆರ್ ಉಪ್ಪು ಕಟ್ಟಿ ಮುಚ್ಚಿಹೋದರೆ ಪಂಪ್ ತಳ್ಳಿದ ನೀರಿಗೆ ದಾರಿ ಇರಲ್ಲ. ಒತ್ತಡ ಏರುತ್ತಾ ಹೋಗಿ ದುರ್ಬಲ ಜಾಯಿಂಟ್ ಬಿಟ್ಟುಕೊಡುತ್ತದೆ. ಪರೀಕ್ಷೆ ಹೀಗೆ: ಮೋಟರ್ ಓಡುವಾಗ ಶುದ್ಧ ನೀರನ್ನ ಒಂದು ಲೋಟದಲ್ಲಿ, ವೇಸ್ಟ್ ನೀರನ್ನ ಒಂದು ಜಗ್‌ನಲ್ಲಿ ಒಂದೇ ನಿಮಿಷ ಹಿಡಿಯಿರಿ. ಸಾಮಾನ್ಯವಾಗಿ ವೇಸ್ಟ್ ನೀರು ಶುದ್ಧ ನೀರಿಗಿಂತ ಜಾಸ್ತಿ ಬರುತ್ತದೆ, ಎರಡು ಮೂರು ಪಟ್ಟು. ವೇಸ್ಟ್ ಪೈಪಿನಲ್ಲಿ ಹನಿ ಹನಿ ಮಾತ್ರ ಬರುತ್ತಿದ್ದರೆ ಎಫ್‌ಆರ್ ಮುಚ್ಚಿದೆ ಅಥವಾ ಆ ಪೈಪ್ ಎಲ್ಲೋ ಮಡಚಿದೆ. ಮಡಚಿರೋದು ಮೊದಲು ನೋಡಿ, ಅದಕ್ಕೆ ದುಡ್ಡಿಲ್ಲ. ವೇಸ್ಟ್ ಜಾಸ್ತಿ ಹೋಗುತ್ತಿದೆ ಅಂತ ಆ ಪೈಪನ್ನ ಕಟ್ಟಿ ಬಿಗಿ ಮಾಡಿದ ಮನೆಗಳೂ ಇವೆ. ದಯವಿಟ್ಟು ಮಾಡಬೇಡಿ. ಮೆಂಬ್ರೇನ್ ಕೂಡ ಹಾಳಾಗುತ್ತದೆ. ಆ ನೀರನ್ನ ಬಕೆಟ್‌ಗೆ ಹಿಡಿದು ನೆಲ ಒರೆಸಲು ಬಳಸಿ.

ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ಹಲ್ಲುಗಳನ್ನೂ ನೋಡಿ. ಕಂದು ತುಕ್ಕು ಕಾಣಿಸಿದರೆ ಸಿಂಕ್ ಕೆಳಗೆ ಏನಿಟ್ಟಿದ್ದೀರಿ ಅಂತ ನೋಡಿ. ನಮ್ಮಲ್ಲಿ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಾಟಲಿ ಅಲ್ಲೇ ಇರುತ್ತದೆ, ಮುಚ್ಚಳ ಅರ್ಧ ಬಿಗಿ. ಅದರ ಹಬೆ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಮುಚ್ಚಿದ ಕಬೋರ್ಡ್ ಒಳಗೆ ಇನ್ನೂ ಬೇಗ. ಬಾಟಲಿಯನ್ನ ಹೊರಗೆ ಯುಟಿಲಿಟಿಗೆ ಹಾಕಿ, ಕನೆಕ್ಟರ್ ಬದಲಿಸಿ.

ಲಕ್ಷಣ: ನೀರಿಲ್ಲ, ಆದರೆ ಜಾಯಿಂಟ್ ಸುತ್ತ ಬಿಳಿ ಪುಡಿ

ಇದು ಒಣಗಿದ ಸೋರಿಕೆ. ಹನಿ ಬೀಳುವಷ್ಟೂ ಬರದೆ, ಜಿನುಗಿದ ಹಾಗೇ ಆರಿಹೋಗಿ ಉಪ್ಪು ಉಳಿದಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600 ವರೆಗೆ. ನಮ್ಮ ಕಡೆಯ ಎಷ್ಟೋ ಬೋರ್‌ಗಳು 200 ದಾಟುತ್ತವೆ, ಅದಕ್ಕೇ ಈ ಪುಡಿ ಬೇಗ ಕಟ್ಟುತ್ತದೆ. ಚಾಕುವಿನಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಾರೀಕು ಬರೆದಿಡಿ. ತಿಂಗಳಲ್ಲಿ ಮತ್ತೆ ಕಟ್ಟಿದರೆ ಬಿಚ್ಚಿ ತುದಿ ನೋಡಿ. ಕಟ್ಟದಿದ್ದರೆ ಅದರ ಪಾಡಿಗೆ ಬಿಡಿ, ಸುಮ್ನೆ ಬಿಚ್ಚೋದೇ ಹೊಸ ತೊಂದರೆ.

ಲಕ್ಷಣ: ಸೋರಿಕೆ ಇಲ್ಲ, ಆದರೆ ಪಂಪ್ ಗರಗರ ಅನ್ನುತ್ತದೆ, ಪೈಪಿನಲ್ಲಿ ಗುಳ್ಳೆ

ಓವರ್‌ಹೆಡ್ ಟ್ಯಾಂಕಿನಿಂದ ನೀರು ಸಾಕಷ್ಟು ಬರದಿದ್ದಾಗ ಪಂಪ್ ಹೀರಲು ಶುರು ಮಾಡುತ್ತದೆ. ಆಗ ಗೀರು ಬಿದ್ದ ಜಾಯಿಂಟ್ ನೀರು ಹೊರಬಿಡುವ ಬದಲು ಗಾಳಿ ಒಳಗೆಳೆಯುತ್ತದೆ. ಕಾಗದದ ಪರೀಕ್ಷೆಯಲ್ಲಿ ಇದು ಸಿಗಲ್ಲ. ಮೊದಲು ಇನ್‌ಲೆಟ್ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ, ಪ್ರೀ ಫಿಲ್ಟರ್ ಬೌಲ್ ಬಿಚ್ಚಿ ಒಳಗಿನ ಕ್ಯಾಂಡಲ್ ಕೆಸರು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಬದಲಿಸಿ. ಮುಕ್ಕಾಲು ಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ಪಂಪಿನ ಒಳಬರುವ ಕಡೆಯ ಜಾಯಿಂಟ್‌ಗಳ ತುದಿ ಒಂದೊಂದಾಗಿ ನೋಡಿ.

ಎಷ್ಟು ವರ್ಷ ಬರುತ್ತದೆ, ಏನು ಬೇಗ ಕೆಡಿಸುತ್ತದೆ

ವರ್ಷದ ಲೆಕ್ಕಕ್ಕಿಂತ ಎಷ್ಟು ಸಲ ಬಿಚ್ಚಿದರು ಅನ್ನೋದು ದೊಡ್ಡದು. ಆದರೂ ಓ ರಿಂಗ್ ವರ್ಷಗಟ್ಟಲೆ ಅಮುಕಿದ ಆಕಾರದಲ್ಲೇ ಇದ್ದು, ವಾಪಸ್ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ತುಂಬಾ ಹಳೇ ಜಾಯಿಂಟ್ ಮುಟ್ಟದಿದ್ದರೆ ಸೋರಲ್ಲ, ಬಿಚ್ಚಿ ಹಾಕಿದರೆ ಸೋರುತ್ತದೆ. ಹಳೇದನ್ನ ಬಿಚ್ಚಿದರೆ ಹೊಸದೇ ಹಾಕಿ, ಇಪ್ಪತ್ತು ಮೂವತ್ತು ರೂಪಾಯಿಗೆ ಯೋಚಿಸಬೇಡಿ.

ಬಿಸಿ ದೊಡ್ಡ ಶತ್ರು. ಬಿಸಿಯಾದಷ್ಟೂ ಈ ಪೈಪ್ ತಡೆಯುವ ಒತ್ತಡ ಇಳಿಯುತ್ತದೆ. ಒಲೆಯ ಪಕ್ಕ, ಗೀಸರ್ ಮೇಲೆ ಪೈಪ್ ಹಾಯಿಸಬೇಡಿ. ಯುಟಿಲಿಟಿಯಲ್ಲಿ ಬಿಸಿಲು ಬೀಳುವ ಪೈಪ್ ಕೆಲವು ವರ್ಷದಲ್ಲಿ ಪೆಡಸಾಗಿ, ಬಗ್ಗಿಸಿದರೆ ಬಿಳಿ ಗೆರೆ ಮೂಡುತ್ತದೆ. ಅದನ್ನ ಬದಲಿಸಿ. ಇಲಿ ಕಡಿದರೆ ಜೋಡಿ ಹಲ್ಲಿನ ಗುರುತು ಪೈಪ್ ಮಧ್ಯದಲ್ಲಿ ಕಾಣುತ್ತದೆ, ಅದಕ್ಕೂ ಜಾಯಿಂಟ್‌ಗೂ ಸಂಬಂಧವಿಲ್ಲ.

ಕ್ಲೋರಿನ್ ವಿಷಯಕ್ಕೆ ಒಂದು ಹಳೇ ಪಾಠ ಇದೆ. ಅಮೆರಿಕದಲ್ಲಿ 1978ರಿಂದ 1995ರವರೆಗೆ ಲಕ್ಷಾಂತರ ಮನೆಗಳಿಗೆ ಪಾಲಿಬ್ಯುಟಿಲೀನ್ ಅನ್ನುವ ಬೂದು ಪೈಪ್ ಹಾಕಿದ್ದರು. ಅದು ಪುಶ್ ಫಿಟ್ ಅಲ್ಲ, ಬಳೆ ಅಮುಕಿ ಬಿಗಿ ಮಾಡಿದ ಜಾಯಿಂಟ್. ನೀರಿನ ಕ್ಲೋರಿನ್‌ಗೆ ಪೈಪೂ ಅಸಿಟಲ್ ಪ್ಲಾಸ್ಟಿಕ್ಕಿನ ಜಾಯಿಂಟೂ ಒಳಗಿಂದಲೇ ಪುಡಿಯಾಗಿ ಸೋರಿದವು. 1995ರಲ್ಲಿ ತಯಾರಕರು 95 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಆರ್‌ಒ ಕನೆಕ್ಟರ್‌ಗಳಲ್ಲೂ ಅಸಿಟಲ್ ಇರುತ್ತದೆ. ನಲ್ಲಿ ನೀರಿನ ಕ್ಲೋರಿನ್‌ಗೆ ಹೆದರಬೇಕಿಲ್ಲ, ಆದರೆ ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ದಿನ ಆರ್‌ಒ ವಾಲ್ವ್ ಮುಚ್ಚಿಬಿಡಿ, ಲೈನ್‌ನಲ್ಲಿ ಆ ನೀರು ಪೂರ್ತಿ ಹೋದ ಮೇಲೆ ತೆರೆಯಿರಿ. ಮೆಂಬ್ರೇನ್‌ಗೂ ಅದು ವಿಷ.

ಗೋಡೆಯೊಳಗಿನ ಲೈನಿಗೆ ಪುಶ್ ಫಿಟ್ ಹಾಕಬಹುದಾ?

ಬ್ರಿಟನ್, ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಲಿನ ಮೆತ್ತನೆ ಪ್ಲಾಸ್ಟಿಕ್ ಪೈಪ್ ಒಳಗೆ ಗಟ್ಟಿ ಕೊಳವೆಯಂಥ ಒಂದು ಚೂರು ತುರುಕಿ ಆಮೇಲೆ ಒತ್ತುತ್ತಾರೆ. ಬ್ರಿಟನ್ನಿನಲ್ಲಿ ಹಳೇ ಜಾಯಿಂಟ್ ಸೋರಿದರೆ ಆ ಚೂರು ಇದೆಯಾ ಅಂತ ಮೊದಲು ನೋಡಿ. ನಮ್ಮಲ್ಲಿ ಸಿಪಿವಿಸಿ ಪೈಪನ್ನ ಸಾಲ್ವೆಂಟ್ ಸಿಮೆಂಟ್ ಹಾಕಿ ಅಂಟಿಸೋದು ರೂಢಿ. ಅರ್ಧ ಇಂಚಿನ ಸಿಪಿವಿಸಿಯ ಹೊರ ಅಳತೆ 15.9 ಮಿಲಿಮೀಟರ್. ಅದಕ್ಕೆ ಸರಿಹೊಂದುವ ಹಿತ್ತಾಳೆ ಪುಶ್ ಫಿಟ್ ಸಿಗುತ್ತದೆ. ಅರ್ಧ ಇಂಚಿನ ಯುಪಿವಿಸಿ 21.3 ಮಿಲಿಮೀಟರ್, ಅದಕ್ಕೆ ಇದು ಹೋಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೈ ಹೋಗುವ ಜಾಗದಲ್ಲಿ ತುರ್ತಿಗೆ ಹಾಕಿ, ಟೈಲ್ಸ್ ಹಿಂದೆ ಮುಚ್ಚಿಬಿಡಬೇಡಿ. ಅಲ್ಲಿ ಅಂಟಿನ ಜಾಯಿಂಟೇ ಇರಲಿ.

ಎಲ್ಲಿ ನಿಲ್ಲಿಸಿ ಕರೆಸಬೇಕು

ಸೋರುವ ಜಾಯಿಂಟ್ ಮೇಲೆ ಎಂ ಸೀಲ್, ಫೆವಿಕ್ವಿಕ್, ಸಿಲಿಕೋನ್ ಮೆತ್ತುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. 80 ಪಿಎಸ್‌ಐ ಮುಂದೆ ಅದು ನಿಲ್ಲಲ್ಲ, ಮತ್ತೆ ಬಿಚ್ಚಲೂ ಆಗಲ್ಲ. ವಾರಂಟಿ ಅಥವಾ ಎಎಂಸಿ ಇದ್ದರೆ ಡಬ್ಬ ಬಿಚ್ಚುವ ಮೊದಲೇ ಕರೆಸಿ, ಆದರೆ ಬಂದವರಿಗೆ "ಪೈಪ್ ತುದಿ ಒಂದೂವರೆ ಸೆಂಟಿಮೀಟರ್ ಕತ್ತರಿಸಿ ಹಾಕಿ, ಕ್ಲಿಪ್ ಹಾಕಿ" ಅಂತ ಕೇಳಿ ಮಾಡಿಸಿ. ಎಸ್‌ಎಂಪಿಎಸ್ ಅಥವಾ ವೈರ್ ಮೇಲೆ ನೀರು ಬಿದ್ದಿದ್ದರೆ, ಮೆಂಬ್ರೇನ್ ಹೌಸಿಂಗ್‌ನಲ್ಲೇ ಬಿರುಕು ಕಂಡರೆ, ಮೆಷಿನ್ ಮುಟ್ಟಿದಾಗ ಜುಂ ಅಂದರೆ, ಎಫ್‌ಆರ್ ಬದಲಿಸಿದರೂ ಪೈಪ್ ಕಿತ್ತುಬರುತ್ತಿದ್ದರೆ, ನೀವಾಗಿ ಮುಂದುವರಿಯಬೇಡಿ. ಗೋಡೆ ಒಳಗೆ ತೇವ ಕಂಡರೂ ಅಷ್ಟೇ, ಪ್ಲಂಬರ್ ಕರೆಸಿ.

ರಿಪೇರಿ ಯಾರೇ ಮಾಡಲಿ, ಆದಮೇಲೆ ಎಲ್ಲ ಒರೆಸಿ, ಮುಟ್ಟಿದ ಪ್ರತಿ ಜಾಯಿಂಟ್‌ಗೂ ಕಾಗದದ ಪಟ್ಟಿ ಸುತ್ತಿ, ಒಂದು ಟ್ಯಾಂಕ್ ಪೂರ್ತಿ ತುಂಬುವವರೆಗೆ ಓಡಿಸಿ. ಪಟ್ಟಿಗಳನ್ನ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿ. ನಮ್ಮ ಮನೆಯ ಎಲ್ಬೋ ಪ್ರತಿ ಸಲ ಕೈಕೊಟ್ಟಿದ್ದು ಎರಡು ವಾರಕ್ಕೇ.